ಕೇಳದೆ ಗುಂಪಿಗೆ ಸೇರಿಸುವುದು ಸೇವೆಯಲ್ಲ



ಈ ಸಲ ನಾವು ಬೇರೆಯವರ ತಪ್ಪಿನ ಬಗ್ಗೆ ಬರೆಯುತ್ತಿಲ್ಲ. ನಮ್ಮದೇ ತಪ್ಪಿನ ಬಗ್ಗೆ ಬರೆಯುತ್ತಿದ್ದೇವೆ. ಓದಿದ ಮೇಲೆ ಕೆಲವು ಹಿರಿಯರಿಗೆ ನಮ್ಮ ಮೇಲೆ ಬೇಸರವಾಗಬಹುದು. ಆಗಲಿ. ಬೇಸರವಾದವರು ಮುಂದಿನ ಭಾನುವಾರ ಬಲಿಪೂಜೆಯ ನಂತರ ನಮ್ಮನ್ನು ಹಿಡಿದು ನಿಲ್ಲಿಸಿ ಕೇಳಲಿ, ಉತ್ತರ ಕೊಡುತ್ತೇವೆ.

ಕಳೆದ ವರ್ಷ ಚರ್ಚಿನ ವಾರ್ಷಿಕ ಹಬ್ಬದ ತಯಾರಿಗೆಂದು ನಮ್ಮ ಯುವ ಘಟಕ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿತು. ಗುರಿಕಾರರಿಂದ ವಾಡೆವಾಡೆಯ ಪಟ್ಟಿ ತರಿಸಿಕೊಂಡೆವು. ಗಾಯನ ಮಂಡಳಿಯವರ ಪಟ್ಟಿ ನಮ್ಮಲ್ಲೇ ಇತ್ತು. ಒಂದು ರಾತ್ರಿ ಕುಳಿತು ಎಲ್ಲರನ್ನೂ ಸೇರಿಸಿದೆವು. ಚಪ್ಪರದವರು, ಲೈಟಿನವರು, ಸೌಂಡಿನವರು, ಅಡುಗೆಯವರು, ಬ್ಯಾಂಡಿನವರು ಎಲ್ಲರೂ ಅದೇ ಗುಂಪಿನಲ್ಲಿ ಬಂದರು. ಗಲ್ಫಿನಲ್ಲಿರುವ ನಮ್ಮ ಅಣ್ಣಂದಿರು ಕೇಳಿದಾಗ ಅವರನ್ನೂ ಸೇರಿಸಿದೆವು, ಅವರು ಹೇಳಿದ ಗೆಳೆಯರನ್ನೂ ಸೇರಿಸಿದೆವು. ಮೂರೇ ದಿನದಲ್ಲಿ 240 ಮಂದಿ. ಎಷ್ಟು ಬೇಗ ಕೆಲಸ ಆಯಿತು ಎಂದು ಸಭೆಯಲ್ಲಿ ನಮಗೆ ಚಪ್ಪಾಳೆ ಬಿತ್ತು. ಆ 240 ಮಂದಿಯಲ್ಲಿ ಎಷ್ಟು ಜನರನ್ನು ಕೇಳಿ ಸೇರಿಸಿದ್ದೆವು? ಒಬ್ಬರನ್ನೂ ಇಲ್ಲ.

ಅವರಲ್ಲಿ ಒಬ್ಬಳು ನಮ್ಮ ಘಟಕದ ಹುಡುಗಿ, ಪದವಿ ಓದುತ್ತಿರುವವಳು. ಇದನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. ಮೊದಲು ಅವಳೇ ಓದಿ, ಎರಡು ವಾಕ್ಯ ತೆಗೆಯಲು ಹೇಳಿದಳು, ತೆಗೆದಿದ್ದೇವೆ. ಹಬ್ಬ ಮುಗಿದ ವಾರದಲ್ಲೇ ಅವಳಿಗೆ ಗೊತ್ತಿಲ್ಲದ ನಂಬರಿನಿಂದ ರಾತ್ರಿ ಹನ್ನೊಂದಕ್ಕೆ "ಹಾಯ್" ಬರತೊಡಗಿತು. ಯಾರು ಎಂದು ಒಮ್ಮೆ ಕೇಳಿದಳು, ಅಷ್ಟೇ. ಆ ಮೇಲೆ ಅವಳು ಯಾವ ಬಣ್ಣದ ಚೂಡಿದಾರ್ ಹಾಕಿದ್ದಳು, ಗಾಯನ ಮಂಡಳಿಯಲ್ಲಿ ಎಷ್ಟನೇ ಸಾಲಿನಲ್ಲಿ ನಿಂತಿದ್ದಳು ಎಂದೆಲ್ಲ ಬಂತು. ಬ್ಲಾಕ್ ಮಾಡಿದಳು. ಇನ್ನೊಂದು ನಂಬರಿನಿಂದ ಬಂತು. ಅದನ್ನೂ ಬ್ಲಾಕ್ ಮಾಡಿದಳು. ಕಡೆಗೆ ಸಿಮ್ಮನ್ನೇ ಬದಲಾಯಿಸಿದಳು.

ಇಲ್ಲಿ ಒಂದು ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನಂಬರ್ ಬದಲಾಯಿಸಿದರೆ, ಗೆಳೆಯರಿಗೆ ತಿಳಿಸಬೇಕೋ ಬೇಡವೋ ಎಂಬುದನ್ನು ನೀವು ಆಯ್ದುಕೊಳ್ಳಬಹುದು. ಆದರೆ ನೀವಿರುವ ಗುಂಪುಗಳಿಗೆ ಆ ಸುದ್ದಿ ಹೇಗೂ ಹೋಗುತ್ತದೆ. ಅವಳು ಇನ್ನೂ ನಮ್ಮ ಹಬ್ಬದ ಗುಂಪಿನಲ್ಲೇ ಇದ್ದಳು. ಹಬ್ಬ ಮುಗಿದು ಎರಡು ತಿಂಗಳಾದರೂ ನಾವು ಗುಂಪನ್ನು ಮುಚ್ಚಿರಲಿಲ್ಲ. "ಬಿಟ್ಟರೆ ನೀವೆಲ್ಲ ಯಾಕೆ ಬಿಟ್ಟದ್ದು ಅಂತ ಕೇಳ್ತೀರಲ್ಲ, ಅದಕ್ಕೆ ಬಿಡ್ಲಿಲ್ಲ" ಎಂದಳು. ನಂಬರ್ ಬದಲಾಯಿಸಿದ ರಾತ್ರಿಯೇ ಹೊಸ ನಂಬರಿಗೆ "ಹಾಯ್" ಬಂತು. ಆ ಹೊಸ ನಂಬರನ್ನು ಅವನ ಕೈಗೆ ಕೊಟ್ಟದ್ದು ನಾವು ಮಾಡಿದ ಗುಂಪು.

ಹಳೆಯ ಸಿಮ್ಮಿಗೆ ಬ್ಯಾಂಕ್ ಖಾತೆ, ಸ್ಕಾಲರ್‌ಶಿಪ್, ಯೂನಿವರ್ಸಿಟಿ ಪೋರ್ಟಲ್, ಆಧಾರ್ ಎಲ್ಲ ಜೋಡಿಸಿತ್ತು. ಒಂದೊಂದನ್ನೇ ಬದಲಾಯಿಸಲು ಅಕ್ಷಯ ಕೇಂದ್ರಕ್ಕೂ ಬ್ಯಾಂಕಿಗೂ ವಾರಗಟ್ಟಲೆ ಅಲೆದಳು. ಗಾಯನ ಮಂಡಳಿಗೆ ಬರುವುದನ್ನು ನಿಲ್ಲಿಸಿದಳು. ಯಾಕೆ ಬರುತ್ತಿಲ್ಲ ಎಂದು ನಾವು ಕೇಳಿದ್ದೂ ಆ ಗುಂಪಿನಲ್ಲೇ, ಎಲ್ಲರೆದುರು.

ವಿಷಯ ಹೊರಗೆ ಬಂದಾಗ ನಾವು ಕೇಳಿದ ಮಾತುಗಳನ್ನು ಇಲ್ಲಿ ಬರೆದುಬಿಡುತ್ತೇವೆ. "ಅವಳು ಯಾಕೆ ರಿಪ್ಲೈ ಮಾಡ್ಲಿಕ್ಕೆ ಹೋದದ್ದು?" "ಡಿಪಿಗೆ ಫೋಟೋ ಹಾಕಿದ್ರೆ ಹೀಗೇ ಆಗೋದು." "ಬ್ಲಾಕ್ ಮಾಡಿದ್ರೆ ಮುಗೀತಲ್ಲ ಮಾರಾಯ್ರೆ." ಅವಳ ನಂಬರನ್ನು ಅಲ್ಲಿಗೆ ಹಾಕಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಹಾಕಿದ ನಾವೂ ಆ ದಿನ ಬಾಯಿ ಬಿಡಲಿಲ್ಲ. ಈಗ ಬಿಡುತ್ತಿದ್ದೇವೆ.

ಪ್ರೈವೆಸಿ ಎಂದರೆ ಹುಡುಗಿಯರು ಮಾಡಿಕೊಳ್ಳಬೇಕಾದ ಸೆಟ್ಟಿಂಗ್ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಯುವಜನರ ಶಿಬಿರಗಳಲ್ಲಿ ಸೈಬರ್ ಸುರಕ್ಷೆಯ ಬಗ್ಗೆ ಮಾತಾಡಲು ಬರುವವರೂ ಅದನ್ನೇ ಹೇಳಿ ಹೋಗುತ್ತಾರೆ: ಅಪರಿಚಿತರನ್ನು ಸೇರಿಸಬೇಡಿ, ಫೋಟೋ ಹಾಕಬೇಡಿ, ನಂಬರ್ ಕೊಡಬೇಡಿ. ಅವಳು ಅಪರಿಚಿತರನ್ನು ಸೇರಿಸಿಕೊಂಡಿರಲಿಲ್ಲ. ನಂಬರನ್ನೂ ಕೊಟ್ಟಿರಲಿಲ್ಲ. ಅಪರಿಚಿತರ ನಡುವೆ ಅವಳನ್ನು ಸೇರಿಸಿದವರು ಪರಿಚಿತರಾದ ನಾವು.

ಗುಂಪಿಗೆ ಯಾರು ಸೇರಿಸಬಹುದು ಎಂಬ ಸೆಟ್ಟಿಂಗನ್ನು ವಾಟ್ಸ್‌ಆ್ಯಪ್ 2019ರಲ್ಲಿ ತಂದಿತು. ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಒತ್ತಿ, ಗ್ರೂಪ್ಸ್ ಎಂಬಲ್ಲಿ ನೋಡಿ. 'ಎಲ್ಲರೂ', 'ನನ್ನ ಸಂಪರ್ಕದಲ್ಲಿರುವವರು', 'ಇಂಥವರನ್ನು ಬಿಟ್ಟು ನನ್ನ ಸಂಪರ್ಕದಲ್ಲಿರುವವರು' ಎಂದು ಮೂರು ಆಯ್ಕೆಗಳಿವೆ. ಆ ಹುಡುಗಿ ಎರಡನೆಯದನ್ನೇ ಇಟ್ಟುಕೊಂಡಿದ್ದಳು, ಅಂದರೆ ಬುದ್ಧಿವಂತರು ಹೇಳಿದ ಹಾಗೆಯೇ ಮಾಡಿದ್ದಳು. ಆದರೂ ನಾವು ಸೇರಿಸಿದಾಗ ಅದು ತಡೆಯಲಿಲ್ಲ, ಯಾಕೆಂದರೆ ನಾವು ಅವಳ ಸಂಪರ್ಕದಲ್ಲಿದ್ದೆವು. ಘಟಕದ ಅಣ್ಣ, ಅಕ್ಕ ಎಂದು ನಂಬಿ ನಮ್ಮ ನಂಬರ್ ಸೇವ್ ಮಾಡಿಕೊಂಡಿದ್ದಳು. ಆ ನಂಬಿಕೆಯಿಂದಲೇ ಬಾಗಿಲು ತೆರೆಯಿತು. ಗೆಳೆಯರಿಂದ ಕಾಪಾಡುವ ಸೆಟ್ಟಿಂಗ್ ಯಾವ ಆ್ಯಪಿನಲ್ಲೂ ಇಲ್ಲ. ಅದು ಗೆಳೆಯರ ನಡತೆಯಲ್ಲೇ ಇರಬೇಕು.

ನಮ್ಮಲ್ಲಿ ಬಿಎಸ್ಸಿ ಓದಿದವರಿದ್ದೇವೆ, ಒಂದು ಸಣ್ಣ ಲೆಕ್ಕ ಮಾಡೋಣ. 240 ಮಂದಿಯ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರು ಉಳಿದ 239 ಮಂದಿಗೆ ಕಾಣುತ್ತದೆ. 240ನ್ನು 239ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 28,680. ಮೂರು ದಿನದಲ್ಲಿ ಇಷ್ಟು ಜೋಡಿಗಳನ್ನು ನಾವು ಪರಸ್ಪರ ನಂಬರ್ ಸಿಗುವಂತೆ ಮಾಡಿದೆವು. ಅದರಲ್ಲಿ ಒಂದು ಜೋಡಿ ಸಾಕಾಯಿತು.

ನಮಗೆ ಎದುರಾಗುವ ವಾದಗಳನ್ನು ಒಂದೊಂದಾಗಿ ನೋಡೋಣ.

"ಚರ್ಚು ಅಂದ್ರೆ ಒಂದೇ ಕುಟುಂಬ, ಇದರಲ್ಲಿ ಕೇಳೋದೆಂತ?" ಕುಟುಂಬವೇ ಸರಿ. ಮನೆಯಲ್ಲಿ ಬೆಳೆದ ಮಗಳ ಕೋಣೆಗೆ ಅಪ್ಪನೂ ಬಾಗಿಲು ತಟ್ಟಿಯೇ ಹೋಗುತ್ತಾರೆ. ಕುಟುಂಬದಲ್ಲಿ ಮರ್ಯಾದೆ ಹೆಚ್ಚಿರಬೇಕಲ್ಲದೆ ಕಡಿಮೆಯಿರಬಾರದು. ಮೇಲಾಗಿ ಆ ಗುಂಪಿನಲ್ಲಿ ಚಪ್ಪರದವರಿಂದ ಹಿಡಿದು ಗೆಳೆಯರ ಗೆಳೆಯರವರೆಗೆ ಎಲ್ಲರೂ ಇದ್ದರು. ಅದನ್ನು ಕುಟುಂಬ ಎನ್ನಲು ಸಾಧ್ಯವಿಲ್ಲ.

"ನಂಬರ್ ಅಂದ್ರೆ ಅಷ್ಟು ದೊಡ್ಡ ಗುಟ್ಟಾ? ಮೊದಲೆಲ್ಲ ಡೈರೆಕ್ಟರಿಯಲ್ಲೇ ಅಚ್ಚು ಹಾಕ್ತಿದ್ರು." ನಿಜ, ಹಾಕುತ್ತಿದ್ದರು. ಆದರೆ ಅದು ಚಾವಡಿಯಲ್ಲಿದ್ದ ಲ್ಯಾಂಡ್‌ಲೈನ್. ರಿಂಗಾದರೆ ಎತ್ತುತ್ತಿದ್ದವರು ಅಪ್ಪನೋ ಅಜ್ಜಿಯೋ. ಇಂದಿನ ನಂಬರ್ ದಿಂಬಿನ ಪಕ್ಕ ಮಲಗುತ್ತದೆ. ಅದನ್ನು ಸೇವ್ ಮಾಡಿಕೊಂಡರೆ, ನೀವು ಮರೆಮಾಡದಿದ್ದಲ್ಲಿ ನಿಮ್ಮ ಫೋಟೋ ಕಾಣುತ್ತದೆ, ಕೊನೆಗೆ ಯಾವಾಗ ಆನ್‌ಲೈನ್ ಇದ್ದಿರಿ ಎಂಬುದು ಕಾಣುತ್ತದೆ. ಹಣ ಕಳಿಸುವ ಆ್ಯಪಿನಲ್ಲಿ ಹಾಕಿದರೆ ಬ್ಯಾಂಕಿನಲ್ಲಿರುವ ಪೂರ್ತಿ ಹೆಸರು ಕಾಣುತ್ತದೆ. ಒಟಿಪಿ ಬರುವುದೂ ಅದಕ್ಕೇ. ಹಳೆಯ ಡೈರೆಕ್ಟರಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

"ವಾಟ್ಸ್‌ಆ್ಯಪ್ ಎನ್‌ಕ್ರಿಪ್ಟ್ ಆಗಿದೆ, ಸೇಫ್." ಹೌದು, 2016ರಿಂದ ಅಲ್ಲಿನ ಸಂದೇಶಗಳು ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್‌ನಲ್ಲಿ ಹೋಗುತ್ತವೆ. ದಾರಿಯ ಮಧ್ಯೆ ಹೊರಗಿನವರು ಓದದಂತೆ ಅದು ಕಾಯುತ್ತದೆ. ಒಳಗೇ ಕುಳಿತವನಿಂದ ಅದು ಕಾಯುವುದಿಲ್ಲ. ಬ್ಲಾಕ್ ಕೂಡ ಹಾಗೆಯೇ. ಬ್ಲಾಕ್ ಮಾಡಿದವನು ನೇರ ಸಂದೇಶ ಕಳಿಸಲಾರ, ಆದರೆ ಇಬ್ಬರೂ ಇರುವ ಗುಂಪಿನಲ್ಲಿ ನೀವು ಬರೆದದ್ದನ್ನೆಲ್ಲ ಓದುತ್ತಲೇ ಇರುತ್ತಾನೆ.

"ಬೇಡದವರು ಎಕ್ಸಿಟ್ ಆಗಲಿ." 2022ರಿಂದ ಗುಂಪು ಬಿಟ್ಟರೆ ಎಲ್ಲರಿಗೂ ಸೂಚನೆ ಹೋಗುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ಆದರೆ ಬಿಟ್ಟವರ ಪಟ್ಟಿ 60 ದಿನಗಳವರೆಗೆ ಉಳಿದ ಸದಸ್ಯರಿಗೆ ಕಾಣುತ್ತದೆ. ನಮ್ಮ ಊರಿನಲ್ಲಿ ಅಷ್ಟು ಸಾಕು. "ಅವರಿಗೆ ಚರ್ಚಿನ ಗ್ರೂಪು ಬೇಡವಂತೆ" ಎಂಬ ಮಾತು ಸಂಜೆಯೊಳಗೆ ಮೂರು ವಾಡೆ ಸುತ್ತುತ್ತದೆ. ಬಿಟ್ಟರೂ ಏನು? ಒಮ್ಮೆ ಸೇವ್ ಮಾಡಿಕೊಂಡ ನಂಬರನ್ನು ಯಾರ ಫೋನಿನಿಂದಲೂ ವಾಪಸ್ ತೆಗೆದುಕೊಳ್ಳಲಾಗುವುದಿಲ್ಲ. ಆದ್ದರಿಂದ ಸೇರಿಸುವ ಮೊದಲೇ ಕೇಳಬೇಕು.

"ಮರಣದ ಸುದ್ದಿ, ರಕ್ತ ಬೇಕೆಂಬ ಸುದ್ದಿ ಎಲ್ಲರಿಗೂ ಮುಟ್ಟಬೇಡವಾ?" ಇದೊಂದು ವಾದಕ್ಕೆ ನಾವು ತಲೆಬಾಗುತ್ತೇವೆ. ರಾತ್ರಿ ಎರಡು ಗಂಟೆಗೆ ರಕ್ತ ಬೇಕೆಂದು ಬಂದ ಸಂದೇಶ ನೋಡಿ ಮಂಗಳೂರಿಗೆ ಬೈಕಿನಲ್ಲಿ ಓಡಿದವರು ನಮ್ಮಲ್ಲೇ ಇದ್ದಾರೆ. ಸುದ್ದಿ ಮುಟ್ಟಲೇಬೇಕು. ಆದರೆ ಅದಕ್ಕೆ ಎಲ್ಲರ ನಂಬರನ್ನು ಎಲ್ಲರಿಗೂ ತೋರಿಸಬೇಕಾಗಿಲ್ಲ. 2022ರಲ್ಲಿ ಬಂದ ಕಮ್ಯುನಿಟಿಯ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ನಂಬರು ಅಡ್ಮಿನ್‌ಗಳಿಗೂ ಮೊದಲೇ ಅವರನ್ನು ಸೇವ್ ಮಾಡಿಕೊಂಡವರಿಗೂ ಮಾತ್ರ ಕಾಣುತ್ತದೆ. 2023ರಲ್ಲಿ ನಮ್ಮ ದೇಶಕ್ಕೆ ಬಂದ ಚಾನೆಲ್‌ನಲ್ಲಿ ಒಬ್ಬ ಫಾಲೋವರ್‌ನ ನಂಬರು ಇನ್ನೊಬ್ಬ ಫಾಲೋವರ್‌ಗೆ ಕಾಣುವುದೇ ಇಲ್ಲ. ಹಳೆಯ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಮಂದಿಗೆ ಒಟ್ಟಿಗೆ ಕಳಿಸಬಹುದು, ಅವರು ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡಿದ್ದರೆ ಸಾಕು. ದಾರಿಗಳು ಬೇಕಾದಷ್ಟಿದ್ದವು. ನಾವು ಸುಲಭದ್ದನ್ನು ಹಿಡಿದೆವು.

ಇನ್ನು ಕೆಲವರು ಪ್ರೈವೆಸಿ ಎಂದರೆ ಪಾಶ್ಚಾತ್ಯ ಸ್ವಾರ್ಥ, ನಮ್ಮ ವಿಶ್ವಾಸಕ್ಕೆ ಹೊಂದುವುದಿಲ್ಲ ಎನ್ನುತ್ತಾರೆ. ಇದು ತಪ್ಪು. 1983ರ ಕೆನನ್ ಲಾ ಸಂಹಿತೆಯ 220ನೇ ವಿಧಿ ನೋಡಿ. ಒಬ್ಬರ ಒಳ್ಳೆಯ ಹೆಸರಿಗೆ ಅನ್ಯಾಯವಾಗಿ ಕುಂದು ತರುವಂತಿಲ್ಲ, ತಮ್ಮ ಖಾಸಗಿತನವನ್ನು ಕಾಪಾಡಿಕೊಳ್ಳುವ ಅವರ ಹಕ್ಕನ್ನು ಮುರಿಯುವಂತಿಲ್ಲ ಎಂಬುದು ಅದರ ತಾತ್ಪರ್ಯ. ಖಾಸಗಿತನ ಮೂಲಭೂತ ಹಕ್ಕು ಎಂದು ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಅದಕ್ಕೂ 34 ವರ್ಷ ಮೊದಲೇ ಧರ್ಮಸಭೆ ಇದನ್ನು ತನ್ನ ಕಾನೂನಿನಲ್ಲಿ ಬರೆದುಕೊಂಡಿತ್ತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಹೇಳುವುದಿಲ್ಲ. ಅಂಥ ಧರ್ಮಸಭೆಯ ಮಕ್ಕಳು ಪಟ್ಟಿಯಲ್ಲಿ ಸಿಕ್ಕಿದ ನಂಬರನ್ನು ಸಿಕ್ಕವರಿಗೆಲ್ಲ ಹಂಚುವುದು ಸರಿಯೇ? ಪ್ರಕಟಣಾ ಗ್ರಂಥದಲ್ಲಿ ಯೇಸು ಬಾಗಿಲ ಹೊರಗೆ ನಿಂತು ತಟ್ಟುತ್ತಾನೆ. ಒಳಗಿನವರು ತೆರೆಯುವ ತನಕ ಕಾಯುತ್ತಾನೆ. ದೇವಪುತ್ರನೇ ಕಾದು ನಿಲ್ಲುವಾಗ ಅಡ್ಮಿನ್‌ಗಳಾದ ನಮಗೆ ಏನು ಅವಸರ?

ಹಾಗಾಗಿ ನಮ್ಮ ಘಟಕ ಕೆಲವು ನಿರ್ಧಾರ ಮಾಡಿದೆ. ಸಭೆಯಲ್ಲಿ ಎರಡು ಗಂಟೆ ಜಗಳವಾಡಿಯೇ ಮಾಡಿದ್ದೇವೆ.

ಒಂದು, ಯಾರನ್ನೂ ನೇರವಾಗಿ ಗುಂಪಿಗೆ ಸೇರಿಸುವುದಿಲ್ಲ. ಗುಂಪು ಯಾವುದು, ಅದರಲ್ಲಿ ಯಾರೆಲ್ಲ ಇದ್ದಾರೆ, ಎಷ್ಟು ದಿನ ಇರುತ್ತದೆ ಎಂದು ಹೇಳಿ ಅವರವರಿಗೇ ಲಿಂಕ್ ಕಳಿಸುತ್ತೇವೆ. ಉತ್ತರ ಬಾರದಿದ್ದರೆ ಅದನ್ನೇ 'ಬೇಡ' ಎಂದು ತಿಳಿಯುತ್ತೇವೆ. ಲಿಂಕನ್ನು ಸ್ಟೇಟಸ್‌ನಲ್ಲಾಗಲಿ ನೋಟಿಸ್ ಬೋರ್ಡಿನಲ್ಲಾಗಲಿ ಹಾಕುವುದಿಲ್ಲ. ಹೊಸಬರನ್ನು ಅಡ್ಮಿನ್ ಒಪ್ಪಿದ ಮೇಲಷ್ಟೇ ಒಳಗೆ ಬಿಡುವ ಸೆಟ್ಟಿಂಗ್ ಆನ್ ಇರುತ್ತದೆ.

ಎರಡು, ಸುದ್ದಿ ತಿಳಿಸಲು ಪ್ರಕಟಣೆ ಗುಂಪು ಮಾತ್ರ. ಕೆಲಸದ ಗುಂಪುಗಳಲ್ಲಿ ಆ ಕೆಲಸ ಮಾಡುವವರು ಮಾತ್ರ. ಚಪ್ಪರದವರ ಹತ್ತಿರ ಮಾತಾಡಲು ಚಪ್ಪರದ ಹೊಣೆ ಹೊತ್ತ ಇಬ್ಬರು ಸಾಕು, ಗಾಯನ ಮಂಡಳಿ ಅಲ್ಲಿರಬೇಕಾಗಿಲ್ಲ.

ಮೂರು, ಹಬ್ಬ ಮುಗಿದ ಏಳು ದಿನದೊಳಗೆ ಹಬ್ಬದ ಗುಂಪು ಮುಚ್ಚುತ್ತೇವೆ. ಚಪ್ಪರ ಬಿಚ್ಚಿದ ಹಾಗೆ ಇದನ್ನೂ ಬಿಚ್ಚಬೇಕು.

ನಾಲ್ಕು, 18 ತುಂಬದವರ ವಿಷಯದಲ್ಲಿ ಹೆತ್ತವರನ್ನೂ ಕೇಳುತ್ತೇವೆ, ಮಗುವನ್ನೂ ಕೇಳುತ್ತೇವೆ. ಘಟಕದ ಮುಖಂಡರು ಮಕ್ಕಳಿಗೆ ಒಂಟಿಯಾಗಿ ರಾತ್ರಿ ಹೊತ್ತು ಸಂದೇಶ ಕಳಿಸುವಂತಿಲ್ಲ. ಯಾವ ಕಾರಣಕ್ಕೂ ಇಲ್ಲ.

ಐದು, ಹೆಸರು, ವಯಸ್ಸು, ರಕ್ತದ ಗುಂಪು, ನಂಬರು ಇರುವ ಪಟ್ಟಿಯನ್ನು ಫಾರ್ವರ್ಡ್ ಮಾಡುವುದಿಲ್ಲ. ಗುರಿಕಾರರು ಕೇಳಿದರೂ, ನೆರೆಯ ಘಟಕದವರು ಕೇಳಿದರೂ, ಸಂಬಂಧ ಹುಡುಕುವ ಆಂಟಿ ಕೇಳಿದರೂ ಇಲ್ಲ. ಬೇಕಾದವರು ನಮಗೆ ಹೇಳಲಿ, ಸಂಬಂಧಪಟ್ಟವರನ್ನು ನಾವು ಕೇಳಿ ತಿಳಿಸುತ್ತೇವೆ.

ಆರು, ಯಾರಿಗಾದರೂ ಕಿರುಕುಳವಾದರೆ ಹೇಳಿಕೊಳ್ಳಲು ಇಬ್ಬರನ್ನು ನೇಮಿಸಿದ್ದೇವೆ, ಅವರಲ್ಲಿ ಒಬ್ಬರು ಮಹಿಳೆ. ಯಾಕೆ ರಿಪ್ಲೈ ಮಾಡಿದಿ ಎಂದು ಅವರು ಕೇಳುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಲು ಹೇಳುತ್ತಾರೆ. ಬೇಡವೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹೆಣ್ಣೊಬ್ಬಳನ್ನು ಮತ್ತೆಮತ್ತೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ಪೊಲೀಸ್ ಸ್ಟೇಷನ್ನಿನಲ್ಲಿ ಮಲಯಾಳ ಮಾತಾಡಬೇಕಲ್ಲ ಎಂದು ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಹಿಂಜರಿಯುತ್ತಾರೆ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ಕಾಸರಗೋಡಿನವರು ನಾವು. ಭಾಷೆ ಬಾರದ ಕಾರಣಕ್ಕೆ ಯಾರೂ ಸುಮ್ಮನಿರಬೇಕಾಗಿಲ್ಲ, ಮಲಯಾಳ ಬಲ್ಲ ನಮ್ಮವರೊಬ್ಬರು ಜೊತೆಗೆ ಬರುತ್ತಾರೆ. ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112 ಎಂಬ ನಂಬರುಗಳನ್ನೂ ಸೇವ್ ಮಾಡಿಕೊಂಡಿರಿ.

ನಿಮ್ಮ ಕೈಯಲ್ಲಿರುವುದನ್ನೂ ಮಾಡಿಕೊಳ್ಳಿ, ಬೇಡ ಎನ್ನುವುದಿಲ್ಲ. ಗ್ರೂಪ್ಸ್‌ನಲ್ಲಿ ಮೂರನೆಯ ಆಯ್ಕೆ ಇಟ್ಟು, ಸುಮ್ಮಸುಮ್ಮನೆ ಸೇರಿಸುವವರ ಹೆಸರಿಗೆ ಗುರುತು ಹಾಕಿ. ಆಗ ಅವರು ಆಹ್ವಾನ ಕಳಿಸಬಹುದಷ್ಟೇ, ನೀವು ಒಪ್ಪಿದರೆ ಮಾತ್ರ ಒಳಗೆ. ಅದರಲ್ಲಿ ನಮ್ಮ ಹೆಸರು ಹಾಕಿದರೂ ನಮಗೆ ಬೇಸರವಿಲ್ಲ. ಪ್ರೊಫೈಲ್ ಫೋಟೋ, ಲಾಸ್ಟ್ ಸೀನ್, ಸ್ಟೇಟಸ್ ಮೂರನ್ನೂ 'ನನ್ನ ಸಂಪರ್ಕದಲ್ಲಿರುವವರು' ಎಂದು ಮಾಡಿ. ಗೊತ್ತಿಲ್ಲದ ನಂಬರಿನ ಕರೆಗಳು ರಿಂಗಾಗದಂತೆ ಮಾಡುವ ಆಯ್ಕೆ ಪ್ರೈವೆಸಿಯ ಕಾಲ್ಸ್ ಎಂಬಲ್ಲಿದೆ. ಆರು ಅಂಕಿಯ ಪಿನ್ ಇರುವ ಟೂ-ಸ್ಟೆಪ್ ವೆರಿಫಿಕೇಷನ್ ಹಾಕಿ. ನಂಬರ್ ಬದಲಾಯಿಸುವ ಮೊದಲು ಬೇಡದ ಗುಂಪುಗಳಿಂದ ಹೊರಗೆ ಬನ್ನಿ. ಅಪ್ಪ ಅಮ್ಮನ ಫೋನಿನಲ್ಲೂ ಇದನ್ನೆಲ್ಲ ಕುಳಿತು ಮಾಡಿಕೊಡಿ, ಹತ್ತು ನಿಮಿಷದ ಕೆಲಸ.

ಆದರೆ ಇದನ್ನೆಲ್ಲ ಮಾಡದವರಿಗೆ ತೊಂದರೆಯಾದರೆ ಅದು ಅವರ ತಪ್ಪು ಎಂದು ಮಾತ್ರ ಹೇಳಬೇಡಿ. ಬೀಗ ಹಾಕದ ಮನೆಗೆ ನುಗ್ಗಿದವನೂ ಕಳ್ಳನೇ. ಆ ಮನೆಯ ದಾರಿ ತೋರಿಸಿದವರಿಗೂ ಅದರಲ್ಲಿ ಪಾಲಿದೆ.

ಆ ಹುಡುಗಿಯ ಮನೆಗೆ ನಾವು ಐದು ಮಂದಿ ಹೋಗಿ ಅವಳ ಹತ್ತಿರವೂ ಅವಳ ಅಪ್ಪ ಅಮ್ಮನ ಹತ್ತಿರವೂ ಕ್ಷಮೆ ಕೇಳಿದ್ದೇವೆ. ಅಮ್ಮ ಚಹಾ ಕೊಟ್ಟರು. ಅಪ್ಪ ಹೆಚ್ಚು ಮಾತಾಡಲಿಲ್ಲ. "ನಿಮ್ಮ ಘಟಕಕ್ಕೆ ಅಂತ ಕಳಿಸಿದ್ದು ನಾವು, ನಿಮ್ಮನ್ನು ನಂಬಿ" ಎಂದರು, ಅಷ್ಟೇ. ಅವನ ಮೇಲೆ ಏನು ಕ್ರಮ ಎಂಬುದು ಅವಳ ಮತ್ತು ಅವಳ ಮನೆಯವರ ತೀರ್ಮಾನ, ಅವರು ಯಾವ ದಾರಿ ಹಿಡಿದರೂ ನಾವು ಜೊತೆಗಿದ್ದೇವೆ.

ಈ ವರ್ಷದ ಹಬ್ಬಕ್ಕೆ ಗಾಯನ ಮಂಡಳಿಯ ಅಭ್ಯಾಸ ಶುರುವಾಗಿದೆ. ಬರುತ್ತೀಯಾ ಎಂದು ಅವಳನ್ನು ಕೇಳಿದ್ದೇವೆ. ಇನ್ನೂ ಉತ್ತರ ಬಂದಿಲ್ಲ. ಮತ್ತೆ ಕೇಳಿ ಒತ್ತಾಯ ಮಾಡುವುದಿಲ್ಲ. ಎರಡನೇ ಸಾಲಿನಲ್ಲಿ ಅವಳ ಜಾಗ ಖಾಲಿ ಬಿಟ್ಟು ಕಾಯುತ್ತಿದ್ದೇವೆ.

ನೀವೂ ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಫೋನ್ ತೆಗೆದು, ನೀವು ಅಡ್ಮಿನ್ ಆಗಿರುವ ಗುಂಪುಗಳನ್ನು ನೋಡಿ. ಯಾವುದರ ಕೆಲಸ ಮುಗಿದಿದೆಯೋ ಅದನ್ನು ಮುಚ್ಚಿ. ಯಾರನ್ನು ಕೇಳದೆ ಸೇರಿಸಿದ್ದೀರೋ ಅವರಿಗೆ ಈಗಲಾದರೂ ಕೇಳಿ.

ಪ್ರೀತಿಯಿಂದ,
ನಿಮ್ಮ ಯುವ ಘಟಕ